ತಟ್ಟೆಯಿಂದ ಧಮನಿಗೆ: ಆಹಾರ, ಉತ್ಕರ್ಷಣ, ಉರಿಯೂತಗಳ ಒಂದೂವರೆ ಶತಮಾನದ ವಾದ

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ಮರುದಿನದಿಂದಲೇ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಅದೇ ಸಾಲು, ಅದೇ ಭಯ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಕೊನೆಗೆ ಬೆರಳು ತೋರಿಸಿದ್ದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕೊಲೆಸ್ಟ್ರಾಲ್‌ಗಳಂಥ ಹಳೆಯ ಕಾರಣಗಳತ್ತಲೇ. ಆದರೂ ಸಾಲಿನಲ್ಲಿ ನಿಂತವರ ಮನಸ್ಸಿನ ಪ್ರಶ್ನೆ ಹಾಗೇ ಉಳಿಯಿತು: ಏನು ತಿಂದರೆ ಹೀಗಾಗುತ್ತದೆ, ಏನು ಬಿಟ್ಟರೆ ತಪ್ಪುತ್ತದೆ?

ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಎಣ್ಣೆ ಬಿಡಿ ಎನ್ನುವವರೊಬ್ಬರು, ತುಪ್ಪ ಒಳ್ಳೆಯದು ಸಕ್ಕರೆ ಬಿಡಿ ಎನ್ನುವವರು ಇನ್ನೊಬ್ಬರು. ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿ ಎಂದು ಜಾಹೀರಾತು ಹೇಳುತ್ತದೆ. ದೇಹದ ಉರಿಯೂತ ಇಳಿಸಿ ಎಂದು ಮೊಬೈಲಿನ ವಿಡಿಯೊ ಹೇಳುತ್ತದೆ. ಇವೆಲ್ಲ ಗಾಳಿಮಾತುಗಳಲ್ಲ. ಒಂದೊಂದರ ಹಿಂದೆಯೂ ನಿಜವಾದ ವಿಜ್ಞಾನದ ತುಣುಕು ಇದೆ. ತುಣುಕನ್ನೇ ಪೂರ್ತಿ ಚಿತ್ರವೆಂದು ಹಿಡಿದಲ್ಲಿ ತಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 1 ಕೋಟಿ 79 ಲಕ್ಷ ಮಂದಿ. ಇಷ್ಟು ದೊಡ್ಡ ಪ್ರಶ್ನೆಯ ಇಡೀ ನಕ್ಷೆಯನ್ನು ಒಮ್ಮೆ ಹರಡಿಕೊಂಡು ನೋಡುವುದು ಈ ಲೇಖನದ ಉದ್ದೇಶ.

ವಾದ ಹುಟ್ಟಿದ ಬಗೆ

ಹೃದಯಾಘಾತದ ಹಿಂದಿರುವ ಮುಖ್ಯ ಕಾಯಿಲೆಯ ಹೆಸರು ಅಥೆರೊಸ್ಕ್ಲೆರೋಸಿಸ್. ಅಪಧಮನಿಯ ಗೋಡೆಯಲ್ಲಿ ಕೊಬ್ಬು, ಸತ್ತ ಕೋಶ, ನಾರು, ಸುಣ್ಣ ಸೇರಿ ಗಂಟು ಕಟ್ಟುವುದು ಅದರ ಲಕ್ಷಣ. ಆ ಗಂಟಿಗೆ ವೈದ್ಯರು ಪ್ಲೇಕ್ ಎನ್ನುತ್ತಾರೆ. ನೀರಿನ ಪೈಪಿನಲ್ಲಿ ಜಿಡ್ಡು ಕಟ್ಟಿದ ಹಾಗೆ ಎಂದು ನಾವು ಊಹಿಸಿಕೊಳ್ಳುವುದುಂಟು. ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಜಿಡ್ಡು ಪೈಪಿನ ಒಳಮೈಗೆ ಅಂಟುತ್ತದೆ, ಪ್ಲೇಕ್ ಬೆಳೆಯುವುದು ಗೋಡೆಯ ಒಳಗೆ, ಜೀವಂತ ಅಂಗಾಂಶದಲ್ಲಿ. ರಕ್ತದ ದಾರಿಯನ್ನು ಅರ್ಧದಷ್ಟೂ ಮುಚ್ಚಿರದ ಗಂಟೇ ಎಷ್ಟೋ ಸಲ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಿನ್ನೆಯವರೆಗೆ ಓಡಾಡಿಕೊಂಡಿದ್ದವರು ಇಂದು ಕುಸಿಯುತ್ತಾರೆ.

ಈ ಗಂಟು ಹೇಗೆ ಹುಟ್ಟುತ್ತದೆ ಎಂಬ ವಾದ 19ನೇ ಶತಮಾನದ ನಡುವಿನದು. ವಿಯೆನ್ನಾದ ಕಾರ್ಲ್ ರೊಕಿಟಾನ್ಸ್ಕಿ, ರಕ್ತದಲ್ಲಿರುವ ಪದಾರ್ಥಗಳು ಗೋಡೆಯ ಮೇಲೆ ಕೂತು ಗಂಟಾಗುತ್ತವೆ ಎಂದರು. ಜರ್ಮನಿಯ ರುಡಾಲ್ಫ್ ವಿರ್ಖೋ 1856ರಲ್ಲಿ ಅದನ್ನು ಒಪ್ಪದೆ, ಇದು ಗೋಡೆಯೊಳಗೇ ನಡೆಯುವ ಉರಿಯೂತ, ಕೊಬ್ಬು ಆಮೇಲೆ ಬಂದದ್ದು ಎಂದರು. ಇವತ್ತಿನ ಚರ್ಚೆಯ ಎರಡು ತುದಿಗಳೂ ಆಗಲೇ ಸಿದ್ಧವಾಗಿದ್ದವು. ಅವುಗಳ ನಡುವಿನ ಕೊಂಡಿ ಸಿಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಚರ್ಚೆಗೆ ಊಟವನ್ನು ತಂದವರು ರಷ್ಯನ್ನರು. 1908ರಲ್ಲಿ ಇಗ್ನಟೋವ್ಸ್ಕಿ ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿ ಧಮನಿಗಳು ಕೆಡುವುದನ್ನು ಕಂಡರು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್ಕೋವ್, ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕೊಲೆಸ್ಟ್ರಾಲನ್ನಷ್ಟೇ ತಿನ್ನಿಸಿ ಅದೇ ಗಂಟುಗಳನ್ನು ಬೆಳೆಸಿ ತೋರಿಸಿದರು. ಇಲಿಗಳಲ್ಲಿ ಇದೇ ಪ್ರಯೋಗ ಫಲಿಸಲಿಲ್ಲ. ಸೊಪ್ಪು ತಿನ್ನುವ ಮೊಲದ ಮಾತು ಮನುಷ್ಯನಿಗೇಕೆ ಎಂದು ಹೆಚ್ಚಿನವರು ಅದನ್ನು ಬದಿಗಿಟ್ಟರು.

ಕೊಬ್ಬಿನ ಪಂಥ

ಅಮೆರಿಕದಲ್ಲಿ ಹೃದಯಾಘಾತ ಏರುತ್ತಿದ್ದ ಕಾಲಕ್ಕೆ ಅನಿಚ್ಕೋವರ ಮಾತಿಗೆ ಮರುಜೀವ ಬಂತು. 1948ರಲ್ಲಿ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಹೆಚ್ಚಿನ ಕೊಲೆಸ್ಟ್ರಾಲ್, ರಕ್ತದೊತ್ತಡ, ಧೂಮಪಾನ ಮುಂದೆ ಬರಲಿರುವ ಆಘಾತದ ಸೂಚನೆಗಳು ಎಂದು ತೋರಿಸಿದ್ದು ಅದೇ. 1958ರಿಂದ ಆನ್ಸೆಲ್ ಕೀಸ್ ಏಳು ದೇಶಗಳ 12,000ಕ್ಕೂ ಹೆಚ್ಚು ಗಂಡಸರನ್ನು ಅಧ್ಯಯನ ಮಾಡಿದರು. ಬೆಣ್ಣೆ, ಹಾಲು ಧಾರಾಳವಾಗಿ ಬಳಸುವ ಪೂರ್ವ ಫಿನ್ಲೆಂಡಿನಲ್ಲಿ ಹೃದಯಾಘಾತ ಹೆಚ್ಚು, ಆಲಿವ್ ಎಣ್ಣೆಯ ಕ್ರೀಟ್ ದ್ವೀಪದಲ್ಲಿ ತೀರಾ ಕಡಿಮೆ. ಸ್ಯಾಚುರೇಟೆಡ್ ಕೊಬ್ಬು ಕೊಲೆಸ್ಟ್ರಾಲ್ ಏರಿಸುತ್ತದೆ, ಕೊಲೆಸ್ಟ್ರಾಲ್ ಧಮನಿಯನ್ನು ಕೆಡಿಸುತ್ತದೆ ಎಂಬ ಎರಡು ಮೆಟ್ಟಿಲಿನ ವಾದ ಹೀಗೆ ನಿಂತಿತು.

ಅದೇ ಹೊತ್ತಿಗೆ ಲಂಡನ್ನಿನ ಜಾನ್ ಯುಡ್ಕಿನ್ ತಪ್ಪು ಕೊಬ್ಬಿನದಲ್ಲ, ಸಕ್ಕರೆಯದು ಎಂದು ಕೂಗಿ ಹೇಳಿದರು. ಅವರ ಮಾತು ಬಹುಕಾಲ ಮೂಲೆಗೆ ಬಿದ್ದಿತ್ತು. ಆದರೆ ಮೊದಲ ಪಂಥದ ಎರಡನೆಯ ಮೆಟ್ಟಿಲು ಮುಂದಿನ ದಶಕಗಳಲ್ಲಿ ಗಟ್ಟಿಯಾಗುತ್ತಲೇ ಹೋಯಿತು. ಟೆಕ್ಸಸ್‌ನ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್, ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಎಳೆದುಕೊಳ್ಳುವ ಗ್ರಾಹಕವನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದರು. ಆ ಗ್ರಾಹಕ ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೃದಯಾಘಾತವಾಗಬಹುದು. 1994ರಲ್ಲಿ 4,444 ರೋಗಿಗಳ ಮೇಲಿನ ಸ್ಕ್ಯಾಂಡಿನೇವಿಯಾದ ಪ್ರಯೋಗ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಿಂದ ಸಾವುಗಳು ಶೇ 30ರಷ್ಟು ಇಳಿದುದನ್ನು ತೋರಿಸಿತು. ಹುಟ್ಟಿನಿಂದ ಎಲ್‌ಡಿಎಲ್ ಕಡಿಮೆ ಇರುವ ಕುಟುಂಬಗಳಲ್ಲಿ ಹೃದಯಾಘಾತವೂ ಕಡಿಮೆ. ಎಲ್‌ಡಿಎಲ್ ಕಾರಣವೇ ಹೊರತು ಬರೀ ಸಾಕ್ಷಿಯಲ್ಲ ಎಂಬುದರಲ್ಲಿ ಈಗ ಗಂಭೀರ ಸಂಶಯ ಉಳಿದಿಲ್ಲ.

ಈ ಪಂಥಕ್ಕೆ ವಿವರಿಸಲಾಗದ್ದೂ ಇದೆ. ಒಂದೇ ಮಟ್ಟದ ಕೊಲೆಸ್ಟ್ರಾಲ್ ಇರುವ ಇಬ್ಬರಲ್ಲಿ ಒಬ್ಬರಿಗೆ 45ಕ್ಕೇ ಆಘಾತ, ಇನ್ನೊಬ್ಬರು 90ರವರೆಗೆ ಗಟ್ಟಿಮುಟ್ಟು, ಏಕೆ? ಕೊಬ್ಬನ್ನು ಸುಮ್ಮನೆ ಕಡಿಮೆ ಮಾಡಿದರೆ ಸಾಕೆಂಬ ನಂಬಿಕೆಯೂ ನಿಲ್ಲಲಿಲ್ಲ. ಅಮೆರಿಕದಲ್ಲಿ 48,835 ಮಹಿಳೆಯರ ಮೇಲೆ ಎಂಟು ವರ್ಷ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಊಟದ ಒಟ್ಟು ಕೊಬ್ಬನ್ನು ಇಳಿಸಿದವರಲ್ಲಿ ಹೃದಯಾಘಾತ ಕಡಿಮೆಯಾಗಿರಲಿಲ್ಲ.

ಉತ್ಕರ್ಷಣದ ಪಂಥ

ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ತಮ್ಮ ಶೋಧದ ಬೆನ್ನಿಗೇ ಒಂದು ಒಗಟನ್ನು ಬಿಟ್ಟುಕೊಟ್ಟರು. ಪ್ಲೇಕ್‌ನ ತುಂಬ ಇರುವುದು ಕೊಬ್ಬು ನುಂಗಿ ಉಬ್ಬಿದ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳು. ಸೂಕ್ಷ್ಮದರ್ಶಕದಡಿ ನೊರೆಯಂತೆ ಕಾಣುವ ಅವಕ್ಕೆ ನೊರೆಕೋಶ ಎಂದೇ ಹೆಸರು. ಆದರೆ ಪ್ರಯೋಗಾಲಯದಲ್ಲಿ ಸಹಜ ಎಲ್‌ಡಿಎಲ್ ಕೊಟ್ಟರೆ ಈ ಕೋಶಗಳು ಅಷ್ಟಾಗಿ ನುಂಗುವುದಿಲ್ಲ. ರಾಸಾಯನಿಕವಾಗಿ ಬದಲಾದ ಎಲ್‌ಡಿಎಲ್ ಕೊಟ್ಟರೆ ಮಾತ್ರ ಹೊಟ್ಟೆ ಬಿರಿಯುವಷ್ಟು ನುಂಗುತ್ತವೆ. ಹಾಗಾದರೆ ದೇಹದೊಳಗೆ ಅದನ್ನು ಬದಲಿಸುವುದು ಯಾವುದು?

ಡಬ್ಬದಲ್ಲಿಟ್ಟ ಶೇಂಗಾ ದಿನ ಕಳೆದಂತೆ ಮುಗ್ಗಲು ವಾಸನೆ ಹೊಡೆಯುವುದನ್ನು ಯಾವ ಮನೆಯ ಅಡುಗೆಮನೆಯಾದರೂ ಬಲ್ಲದು. ಕೊಬ್ಬು ಆಮ್ಲಜನಕದೊಂದಿಗೆ ಸೇರಿ ಕೆಡುವ ಆ ಕ್ರಿಯೆಯೇ ಉತ್ಕರ್ಷಣ. ನಮ್ಮ ಕೋಶಗಳು ಉಸಿರಾಡುವಾಗಲೂ ಮುಕ್ತ ರ‍್ಯಾಡಿಕಲ್ ಎಂಬ ಚಂಚಲ ಅಣುಗಳು ಹುಟ್ಟುತ್ತವೆ. ಅವೇ ಮುಪ್ಪಿಗೆ ಕಾರಣ ಎಂದು ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಹೇಳಿದ್ದರು. ಅವುಗಳ ಉತ್ಪತ್ತಿ ದೇಹದ ತಡೆಶಕ್ತಿಯನ್ನು ಮೀರಿದ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ಹೆಸರನ್ನು ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ನೆಲೆಗೊಳಿಸಿದರು. ಕನ್ನಡದಲ್ಲಿ ಅದನ್ನು ಉತ್ಕರ್ಷಣ ಒತ್ತಡ ಎನ್ನುತ್ತೇವೆ. 1989ರಲ್ಲಿ ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಎಳೆಗಳನ್ನು ಜೋಡಿಸಿದರು: ಎಲ್‌ಡಿಎಲ್ ಧಮನಿಯ ಗೋಡೆಯೊಳಗೆ ಸಿಕ್ಕಿಕೊಂಡು ಉತ್ಕರ್ಷಣಗೊಳ್ಳುತ್ತದೆ, ಕೆಟ್ಟ ಕಣವನ್ನು ಮ್ಯಾಕ್ರೊಫೇಜ್ ನುಂಗುತ್ತದೆ, ನೊರೆಕೋಶವಾಗುತ್ತದೆ.

ವಾದ ಅಷ್ಟು ಅಚ್ಚುಕಟ್ಟಾಗಿದ್ದುದರಿಂದ ಪರಿಹಾರವೂ ಸುಲಭವೆನಿಸಿತು. ಉತ್ಕರ್ಷಣ ತಡೆಯುವ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಕೊಟ್ಟರೆ ಆಯಿತು. 1993ರಲ್ಲಿ ಹಾರ್ವರ್ಡ್‌ನ ಎರಡು ದೊಡ್ಡ ಅಧ್ಯಯನಗಳು, ವಿಟಮಿನ್ ಇ ಮಾತ್ರೆ ತೆಗೆದುಕೊಳ್ಳುವ ಗಂಡಸರಲ್ಲೂ ಹೆಂಗಸರಲ್ಲೂ ಹೃದ್ರೋಗ ಕಡಿಮೆ ಎಂದವು. ಮಾತ್ರೆಗಳ ಮಾರುಕಟ್ಟೆ ಏರಿತು.

ಅಧ್ಯಯನವನ್ನು ಬಿಟ್ಟು ಪ್ರಯೋಗಕ್ಕೆ ಇಳಿದಾಗ, ಅಂದರೆ ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟಾಗ, ಕಟ್ಟಡ ಕುಸಿಯಿತು. 1994ರಲ್ಲಿ ಫಿನ್ಲೆಂಡಿನ 29,133 ಧೂಮಪಾನಿಗಳಲ್ಲಿ ಬೀಟಾ ಕ್ಯಾರೊಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಯಿತು. 1996ರಲ್ಲಿ ಕೇಂಬ್ರಿಜ್‌ನ 2,002 ರೋಗಿಗಳ ಪ್ರಯೋಗ ವಿಟಮಿನ್ ಇ ಪರವಾಗಿ ಆಸೆ ಮೂಡಿಸಿತು. ಆದರೆ 2000ದಲ್ಲಿ 9,541 ಮಂದಿಯ ಹೋಪ್ ಪ್ರಯೋಗ, 2002ರಲ್ಲಿ 20,536 ಮಂದಿಯ ಬ್ರಿಟನ್ನಿನ ಹೃದಯರಕ್ಷಣಾ ಪ್ರಯೋಗ ಎರಡೂ ಒಂದೇ ಮಾತು ಹೇಳಿದವು: ಪ್ರಯೋಜನವಿಲ್ಲ.

ಏಕೆ ಸೋತಿತು ಎಂಬುದಕ್ಕೆ ನಾಲ್ಕು ವಿವರಣೆಗಳಿವೆ. ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಆರೋಗ್ಯದ ಕಾಳಜಿಯುಳ್ಳವರು, ಹಾಗಾಗಿ 1993ರ ಅಧ್ಯಯನಗಳು ಕಂಡದ್ದು ಮಾತ್ರೆಯ ಗುಣವನ್ನಲ್ಲ, ಮನುಷ್ಯರ ಗುಣವನ್ನು ಎಂಬುದು ಒಂದು. ಗೋಡೆಯೊಳಗಿನ ಉತ್ಕರ್ಷಣ ಬಹುಪಾಲು ನಡೆಯುವುದು ಮೈಲೊಪೆರಾಕ್ಸಿಡೇಸ್‌ನಂಥ ಕಿಣ್ವಗಳಿಂದ, ಅಲ್ಲಿ ವಿಟಮಿನ್ ಇ ಕೈಲಾಗದ ಕಾವಲುಗಾರ ಎಂಬುದು ಎರಡನೆಯದು. ಮುಕ್ತ ರ‍್ಯಾಡಿಕಲ್‌ಗಳು ಶತ್ರುಗಳಷ್ಟೇ ಅಲ್ಲ, ಕೋಶಗಳ ನಡುವಿನ ಸಂದೇಶವಾಹಕಗಳೂ ಹೌದು, ಎಲ್ಲವನ್ನೂ ಒರೆಸಿಹಾಕುವುದು ಒಳ್ಳೆಯದಲ್ಲ ಎಂಬುದು ಮೂರನೆಯದು. ಹತ್ತಾರು ವರ್ಷ ಬೆಳೆದ ಗಂಟಿಗೆ ಐದು ವರ್ಷದ ಮಾತ್ರೆ ತಡವಾದ ಮದ್ದು ಎಂಬುದು ನಾಲ್ಕನೆಯದು. ಉತ್ಕರ್ಷಣ ಕಾಯಿಲೆಯ ಭಾಗವಲ್ಲ ಎಂದು ಇವು ಯಾವುವೂ ಹೇಳುವುದಿಲ್ಲ. ಅದನ್ನು ಮಾತ್ರೆಯಿಂದ ತಡೆಯಲಾಗಲಿಲ್ಲ ಎಂದಷ್ಟೇ ಹೇಳುತ್ತವೆ.

ಉರಿಯೂತದ ಪಂಥ

ವಿರ್ಖೋ ಹಚ್ಚಿದ ದೀಪವನ್ನು ಮತ್ತೆ ಎತ್ತಿದವರು ಸಿಯಾಟಲ್‌ನ ರಸೆಲ್ ರಾಸ್. ಗೋಡೆಗೆ ಆದ ಗಾಯಕ್ಕೆ ದೇಹ ಕೊಡುವ ಪ್ರತಿಕ್ರಿಯೆಯೇ ಪ್ಲೇಕ್ ಎಂದು 1970ರ ದಶಕದಲ್ಲಿ ವಾದಿಸಿದ ಅವರು, 1999ರಲ್ಲಿ ಅಥೆರೊಸ್ಕ್ಲೆರೋಸಿಸ್ ಉರಿಯೂತದ ಕಾಯಿಲೆ ಎಂದು ನೇರವಾಗಿಯೇ ಬರೆದರು. ಕಾಲಿಗೆ ಮುಳ್ಳು ಚುಚ್ಚಿದಾಗ ಕೆಂಪಾಗಿ ಊದಿಕೊಳ್ಳುವುದು ಉರಿಯೂತ, ಮುಳ್ಳು ತೆಗೆದರೆ ಇಳಿಯುತ್ತದೆ. ಧಮನಿಯ ಗೋಡೆಯಲ್ಲಿ ಮುಳ್ಳು ದಿನವೂ ಚುಚ್ಚುತ್ತದೆ, ಹಾಗಾಗಿ ಊತ ಇಳಿಯುವುದೇ ಇಲ್ಲ.

ಇದನ್ನು ರಕ್ತಪರೀಕ್ಷೆಯಲ್ಲಿ ಅಳೆಯಲು ದಾರಿ ತೋರಿಸಿದವರು ಬಾಸ್ಟನ್‌ನ ಪಾಲ್ ರಿಡ್ಕರ್. ಸಿಆರ್‌ಪಿ ಎಂಬ ಪ್ರೊಟೀನು 1930ರಿಂದಲೇ ಗೊತ್ತಿತ್ತು. ನ್ಯುಮೋನಿಯಾದಂಥ ಸೋಂಕಿನಲ್ಲಿ ಅದು ನೂರು ಪಟ್ಟು ಏರುತ್ತದೆ. ಸೋಂಕಿಲ್ಲದ ಆರೋಗ್ಯವಂತರಲ್ಲೂ ಅದು ತುಸು ಹೆಚ್ಚಿದ್ದರೆ ಮುಂದೆ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು ಎಂದು ರಿಡ್ಕರ್ 1997ರಲ್ಲಿ ತೋರಿಸಿದರು. ಆದರೆ ವಂಶವಾಹಿ ಅಧ್ಯಯನಗಳು ಒಂದು ಸೂಕ್ಷ್ಮವನ್ನು ಹೊರಗೆಡವಿದವು. ಸಿಆರ್‌ಪಿ ಬೆಂಕಿಯಲ್ಲ, ಹೊಗೆ. ಬೆಂಕಿ ಇರುವುದು ಅದಕ್ಕಿಂತ ಮೇಲೆ, ಇಂಟರ್‌ಲ್ಯೂಕಿನ್-1 ಮತ್ತು ಇಂಟರ್‌ಲ್ಯೂಕಿನ್-6 ಎಂಬ ಸಂದೇಶಗಳ ಸಾಲಿನಲ್ಲಿ.

2017ರ ಕ್ಯಾಂಟೋಸ್ ಪ್ರಯೋಗ ಇದಕ್ಕೆ ದೊಡ್ಡ ಸಾಕ್ಷಿ. ಒಮ್ಮೆ ಆಘಾತವಾಗಿ ಬದುಕುಳಿದ, ಸಿಆರ್‌ಪಿ ಹೆಚ್ಚಿದ್ದ 10,061 ಮಂದಿಯಲ್ಲಿ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಚುಚ್ಚುಮದ್ದನ್ನು ಪರೀಕ್ಷಿಸಲಾಯಿತು. ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ, ಆದರೂ ಮುಂದಿನ ಆಘಾತಗಳು ಸುಮಾರು ಶೇ 15ರಷ್ಟು ಇಳಿದವು. ಉರಿಯೂತ ತಾನೇ ತಾನಾಗಿ ಅಪಾಯ ತರುತ್ತದೆ ಎಂಬುದು ಮೊದಲ ಸಲ ಮನುಷ್ಯರಲ್ಲಿ ಸಾಬೀತಾಯಿತು. ಬೆಲೆಯೂ ತೆರಬೇಕಾಯಿತು: ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಾದವು. ಮರುವರ್ಷ ಮೆಥೊಟ್ರೆಕ್ಸೇಟ್ ಎಂಬ ಹಳೆಯ ಉರಿಯೂತ ನಿರೋಧಕ ಕೊಟ್ಟ 4,786 ಮಂದಿಯ ಪ್ರಯೋಗದಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಎಲ್ಲ ಉರಿಯೂತವೂ ಒಂದಲ್ಲ ಎಂಬುದು ಅದರ ಪಾಠ.

ಆಮೇಲೆ ಬಂದದ್ದು ಕೊಲ್ಚಿಸಿನ್. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಗಿಡದಲ್ಲಿರುವ ವಿಷ ಇದೇ. ಆ ಗಡ್ಡೆ ತಿಂದವರು ಸತ್ತದ್ದುಂಟು, ಮನೆಮದ್ದಾಗಿ ಅದನ್ನು ಮುಟ್ಟಬಾರದು. ಅಳೆದ ಅತಿ ಸಣ್ಣ ಪ್ರಮಾಣದಲ್ಲಿ, ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟಾಗ 2019 ಮತ್ತು 2020ರ ಎರಡು ಪ್ರಯೋಗಗಳಲ್ಲಿ ಹೃದಯದ ತೊಂದರೆಗಳು ಕ್ರಮವಾಗಿ ಶೇ 23 ಮತ್ತು 31ರಷ್ಟು ಇಳಿದವು. 2024ರಲ್ಲಿ 7,062 ಮಂದಿಯ ಇನ್ನೊಂದು ಪ್ರಯೋಗ ಯಾವ ಲಾಭವನ್ನೂ ಕಾಣಲಿಲ್ಲ. ಈ ಪಂಥದ ಕಥೆ ಇನ್ನೂ ನಡುವಿನಲ್ಲಿದೆ.

ಮೂರೂ ಒಂದೇ ಸರಪಳಿ

ಪಂಥಗಳಾಗಿ ಬೆಳೆದ ಈ ಮೂರು ವಾದಗಳನ್ನು ಧಮನಿಯ ಗೋಡೆಯ ಬಳಿ ನಿಂತು ನೋಡಿದರೆ ಒಂದೇ ಸರಪಳಿಯ ಕೊಂಡಿಗಳಾಗಿ ಕಾಣುತ್ತವೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿ ಇಡುತ್ತದೆ. ಇದನ್ನು ಕಂಡವರಿಗೆ 1998ರಲ್ಲಿ ನೊಬೆಲ್ ಬಂತು. ಸಿಗರೇಟಿನ ಹೊಗೆ, ಏರಿದ ಸಕ್ಕರೆ, ಏರಿದ ರಕ್ತದೊತ್ತಡ ಇವು ಮುಕ್ತ ರ‍್ಯಾಡಿಕಲ್‌ಗಳನ್ನು ಹೆಚ್ಚಿಸುತ್ತವೆ. ಅವು ನೈಟ್ರಿಕ್ ಆಕ್ಸೈಡನ್ನು ಹೊಸಕಿಹಾಕುತ್ತವೆ. ಒಳಪದರ ಬಿಗಿಯಾಗಿ, ಅಂಟಂಟಾಗಿ, ಎಲ್‌ಡಿಎಲ್ ಒಳಗೆ ನುಸುಳಲು ಎಡೆ ಕೊಡುತ್ತದೆ. ಒಳಹೊಕ್ಕ ಎಲ್‌ಡಿಎಲ್ ಉತ್ಕರ್ಷಣಗೊಂಡು ಕೆಡುತ್ತದೆ. ಕೆಟ್ಟದ್ದನ್ನು ತೆಗೆಯಲು ಬಂದ ರಕ್ಷಣಾ ಕೋಶಗಳು ಉರಿಯೂತ ಹಚ್ಚುತ್ತವೆ, ಉರಿಯೂತ ಮತ್ತಷ್ಟು ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಚಕ್ರ ಹೀಗೆ ಸುತ್ತುತ್ತದೆ. ಎಲ್‌ಡಿಎಲ್ ಇಲ್ಲದೆ ಬೆಂಕಿಗೆ ಸೌದೆಯಿಲ್ಲ, ಉತ್ಕರ್ಷಣವಿಲ್ಲದೆ ಕಿಡಿಯಿಲ್ಲ, ಉರಿಯೂತವಿಲ್ಲದೆ ಅದು ಹರಡುವುದಿಲ್ಲ.

ಊಟ ಈ ಚಕ್ರವನ್ನು ದಿನಕ್ಕೆ ಮೂರು ಸಲ ಮುಟ್ಟುತ್ತದೆ. ಕೊಬ್ಬು ತುಂಬಿದ ಒಂದೇ ಒಂದು ಊಟದ ನಂತರ ಕೆಲವು ಗಂಟೆ ಕಾಲ ರಕ್ತನಾಳ ಹಿಗ್ಗುವ ಶಕ್ತಿ ಕುಗ್ಗುವುದನ್ನು 1997ರಲ್ಲೇ ತೋರಿಸಲಾಗಿದೆ. ಊಟದ ನಂತರ ಸಕ್ಕರೆ ಸರ್ರನೆ ಏರಿ ಇಳಿಯುವವರಲ್ಲಿ ಉತ್ಕರ್ಷಣದ ಗುರುತುಗಳು ಹೆಚ್ಚು. ಸೊಪ್ಪಿನಲ್ಲಿರುವ ನೈಟ್ರೇಟ್ ಬಾಯಿಯ ಬ್ಯಾಕ್ಟೀರಿಯಾಗಳ ನೆರವಿನಿಂದ ಕೊನೆಗೆ ನೈಟ್ರಿಕ್ ಆಕ್ಸೈಡ್ ಆಗಿ ಒತ್ತಡ ಇಳಿಸುತ್ತದೆ. ಕಾಳುಗಳ ನಾರು ಕರುಳಿನ ಜೀವಿಗಳಿಗೆ ಆಹಾರವಾಗಿ, ಉರಿಯೂತ ತಗ್ಗಿಸುವ ಸಣ್ಣ ಆಮ್ಲಗಳಾಗುತ್ತದೆ.

ಇಡೀ ಊಟವನ್ನೇ ಪರೀಕ್ಷಿಸಿದವರು

ಒಂದೊಂದೇ ಅಣುವನ್ನು ಹೆಕ್ಕಿದಾಗ ಎಡವಿದ ವಿಜ್ಞಾನ, ತಟ್ಟೆಯನ್ನೇ ಬದಲಿಸಿದಾಗ ಗಟ್ಟಿ ನೆಲ ಕಂಡಿತು. ಫ್ರಾನ್ಸಿನ ಲಿಯೋನ್‌ನಲ್ಲಿ ಹೃದಯಾಘಾತವಾಗಿದ್ದ 605 ಮಂದಿಯಲ್ಲಿ ಅರ್ಧದಷ್ಟು ಜನರ ಊಟವನ್ನು ತರಕಾರಿ, ಹಣ್ಣು, ಕಾಳು, ಮೀನು, ಒಮೆಗಾ-3 ಇರುವ ಕೊಬ್ಬಿನತ್ತ, ಅಂದರೆ ಮೆಡಿಟರೇನಿಯನ್ ಬಗೆಯ ಊಟದತ್ತ ತಿರುಗಿಸಲಾಯಿತು. 1994 ಮತ್ತು 1999ರ ವರದಿಗಳ ಪ್ರಕಾರ ಅವರಲ್ಲಿ ಮರು ಆಘಾತ ಅರ್ಧಕ್ಕಿಂತ ಕೆಳಗಿಳಿಯಿತು. ಅಚ್ಚರಿಯೆಂದರೆ ಎರಡು ಗುಂಪಿನ ಕೊಲೆಸ್ಟ್ರಾಲ್ ಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಸರಪಳಿಯ ಬೇರಾವುದೋ ಕೊಂಡಿ ಸಡಿಲವಾಗಿತ್ತು. ಪ್ರಯೋಗ ಚಿಕ್ಕದು ಎಂಬ ಟೀಕೆಯೂ ನ್ಯಾಯವೇ.

ಸ್ಪೇನಿನ ಪ್ರೆಡಿಮೆಡ್ ಪ್ರಯೋಗ ಹೆಚ್ಚು ದೊಡ್ಡದು. 7,447 ಮಂದಿಯಲ್ಲಿ ಮೆಡಿಟರೇನಿಯನ್ ಊಟದ ಜೊತೆ ಒಂದು ಗುಂಪಿಗೆ ಶುದ್ಧ ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಬೀಜಗಳು. 2013ರಲ್ಲಿ ಬಂದ ಫಲಿತಾಂಶ ಆಘಾತ, ಪಾರ್ಶ್ವವಾಯುಗಳು ಸುಮಾರು ಶೇ 30ರಷ್ಟು ಇಳಿದುದನ್ನು ತೋರಿಸಿತು. ಆದರೆ ಕೆಲವು ಕೇಂದ್ರಗಳಲ್ಲಿ ಚೀಟಿ ಎತ್ತುವ ನಿಯಮ ಮುರಿದಿತ್ತು. ಒಂದೇ ಮನೆಯವರನ್ನು, ಒಂದೇ ಊರಿನ ಕ್ಲಿನಿಕ್ಕಿನವರನ್ನು ಒಟ್ಟಿಗೆ ಒಂದೇ ಗುಂಪಿಗೆ ಹಾಕಲಾಗಿತ್ತು. ಲೇಖಕರು 2018ರಲ್ಲಿ ಪ್ರಬಂಧವನ್ನು ಹಿಂತೆಗೆದು, ಲೆಕ್ಕ ತಿದ್ದಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಬಹುಮಟ್ಟಿಗೆ ಅದೇ ಉಳಿಯಿತಾದರೂ ಅದರ ಮೇಲಿನ ಭರವಸೆ ಒಂದು ಹೆಜ್ಜೆ ಹಿಂದೆ ಸರಿಯಿತು. 2022ರಲ್ಲಿ ಅದೇ ದೇಶದ ಕಾರ್ಡೊಬಾದಲ್ಲಿ 1,002 ಹೃದ್ರೋಗಿಗಳ ಮೇಲೆ ಏಳು ವರ್ಷ ನಡೆದ ಪ್ರಯೋಗವೂ ಕಡಿಮೆ ಕೊಬ್ಬಿನ ಊಟಕ್ಕಿಂತ ಮೆಡಿಟರೇನಿಯನ್ ಊಟ ಮೇಲೆಂದು ತೋರಿಸಿದ ಬಳಿಕ ಆ ಭರವಸೆ ಮರಳಿತು. ಪ್ರೆಡಿಮೆಡ್‌ನ ಒಂದು ಭಾಗದಲ್ಲಿ ಉತ್ಕರ್ಷಿತ ಎಲ್‌ಡಿಎಲ್ ಮತ್ತು ಉರಿಯೂತದ ಗುರುತುಗಳೂ ಇಳಿದಿದ್ದವು. ಮಾತ್ರೆಯಿಂದ ಆಗದ್ದು ಊಟದಿಂದ ಆಗಿತ್ತು.

ಎಣ್ಣೆಯ ಜಗಳ

ಊಟದ ಪದಾರ್ಥಗಳಲ್ಲಿ ಎಣ್ಣೆಯಷ್ಟು ಜಗಳ ಎಬ್ಬಿಸಿದ್ದು ಬೇರೊಂದಿಲ್ಲ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಗೆ ಈ ಜಗಳದಲ್ಲಿ ನೇರ ಪಾತ್ರವಿದೆ. 1966ರಿಂದ 1973ರವರೆಗೆ ಸಿಡ್ನಿಯಲ್ಲಿ ನಡೆದ ಪ್ರಯೋಗವೊಂದರಲ್ಲಿ ಹೃದ್ರೋಗಿಗಳಿಗೆ ಬೆಣ್ಣೆಯ ಬದಲು ಕುಸುಬೆ ಎಣ್ಣೆ, ಅದರದೇ ಮಾರ್ಗರಿನ್ ಕೊಟ್ಟಿದ್ದರು. ಹಳೆಯ ದಾಖಲೆ ತೆಗೆದು 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ ಗುಂಪಿನಲ್ಲೇ ಹೆಚ್ಚು ಸಾವು ಕಂಡಿತು. ಕುಸುಬೆಯಲ್ಲಿರುವ ಲಿನೋಲಿಯಿಕ್ ಆಮ್ಲ ಬೇಗ ಉತ್ಕರ್ಷಣಗೊಳ್ಳುತ್ತದೆ, ಬೀಜದ ಎಣ್ಣೆಗಳೇ ವಿಷ ಎಂಬ ಇವತ್ತಿನ ಪ್ರಚಾರಕ್ಕೆ ಇದೇ ಆಧಾರ. ಎದುರು ವಾದವೂ ಬಲವಾಗಿದೆ. ಅದು 458 ಮಂದಿಯ ಚಿಕ್ಕ ಪ್ರಯೋಗ, ಮಾರ್ಗರಿನ್‌ನಲ್ಲಿ ಟ್ರಾನ್ಸ್ ಕೊಬ್ಬು ಇದ್ದಿರಬಹುದು. ರಕ್ತದಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚಿರುವವರಲ್ಲಿ ಹೃದ್ರೋಗ ಕಡಿಮೆ ಎಂದು 2019ರಲ್ಲಿ ಹಲವು ದೇಶಗಳ ಮಾಹಿತಿ ಕೂಡಿಸಿದ ವಿಶ್ಲೇಷಣೆ ಹೇಳಿದೆ. ಕರಾವಳಿಯ ತೆಂಗಿನೆಣ್ಣೆಯ ವಿಷಯದಲ್ಲಿ, ಅದು ಬೇರೆ ಸಸ್ಯದ ಎಣ್ಣೆಗಳಿಗಿಂತ ಎಲ್‌ಡಿಎಲ್ ಏರಿಸುತ್ತದೆ ಎಂಬುದು ಪ್ರಯೋಗಗಳಿಂದ ಖಚಿತ. ಸೊಪ್ಪು, ಮೀನು, ಕಾಳಿನ ನಡುವೆ ಒಗ್ಗರಣೆಯಷ್ಟು ಬಿದ್ದ ತೆಂಗಿನೆಣ್ಣೆ ಎಷ್ಟು ಹಾನಿ ಮಾಡುತ್ತದೆ ಎಂಬುದು ಬೇರೆ ಪ್ರಶ್ನೆ.

ಜಗಳವೇ ಇಲ್ಲದ ಜಾಗ ಟ್ರಾನ್ಸ್ ಕೊಬ್ಬು. ಅದು ಎಲ್‌ಡಿಎಲ್ ಏರಿಸಿ ಒಳ್ಳೆಯ ಎಚ್‌ಡಿಎಲ್ ಇಳಿಸುತ್ತದೆಂದು 1990ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸಾಬೀತಾಯಿತು. ಉರಿಯೂತದ ಗುರುತುಗಳನ್ನೂ ಅದು ಏರಿಸುತ್ತದೆ. ನಮ್ಮ ಬೇಕರಿ, ಸಿಹಿ ಅಂಗಡಿಗಳಲ್ಲಿ ದಶಕಗಟ್ಟಲೆ ಆಳಿದ ವನಸ್ಪತಿಯಲ್ಲಿ ಇದ್ದದ್ದು ಇದೇ. ಭಾರತ ಅದರ ಮಿತಿಯನ್ನು 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿದೆ. ಬೋಂಡಾ, ಬಜ್ಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಉತ್ಕರ್ಷಿತ ಪದಾರ್ಥಗಳಿಗೂ 2018ರ ಜುಲೈನಿಂದ ಶೇ 25ರ ಮಿತಿಯಿದೆ. ಕಾನೂನು ಕಾಗದದ ಮೇಲಿದೆ, ಬಾಣಲೆಯ ಬಳಿ ಅಳೆಯುವವರು ಕಡಿಮೆ.

ಒಮೆಗಾ-3 ಕಥೆ ವಿಟಮಿನ್ ಇ ಕಥೆಯ ನೆರಳು. ಒಮೆಗಾ-3ರ ಒಂದು ಬಗೆಯಾದ ಇಪಿಎಯನ್ನು ಶುದ್ಧೀಕರಿಸಿ ಮಾತ್ರೆಯಾಗಿ ಕೊಟ್ಟ 2018ರ ಪ್ರಯೋಗದಲ್ಲಿ ಶೇ 25ರ ಲಾಭ, ಇಪಿಎ–ಡಿಎಚ್‌ಎ ಎರಡನ್ನೂ ಕೊಟ್ಟ 2020ರ ಪ್ರಯೋಗದಲ್ಲಿ ಸೊನ್ನೆ. ಊಟದಲ್ಲಿನ ಬಂಗುಡೆ, ಬೂತಾಯಿ ಮೀನಿನ ಬಗ್ಗೆ ಇಷ್ಟು ಗೊಂದಲವಿಲ್ಲ. ಅಗಸಿ ಚಟ್ನಿಯಲ್ಲಿರುವುದು ಒಮೆಗಾ-3ರ ಇನ್ನೊಂದು ಬಗೆ, ಲಿಯೋನ್‌ನಲ್ಲಿ ಕೊಟ್ಟದ್ದೂ ಅದನ್ನೇ.

ನಮ್ಮ ಮೈ, ನಮ್ಮ ತಟ್ಟೆ

2004ರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳನ್ನು ಒಳಗೊಂಡಿತ್ತು. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಮೊದಲ ಹೃದಯಾಘಾತದ ಅಪಾಯದ ಸುಮಾರು ಶೇ 90ರಷ್ಟನ್ನು ಒಂಬತ್ತು ಅಂಶಗಳೇ ವಿವರಿಸುತ್ತವೆ ಎಂಬುದು ಅದರ ಮುಖ್ಯ ಮಾತು. ದಕ್ಷಿಣ ಏಷ್ಯಾದವರಿಗೆ ಆಘಾತ ಬರುವುದು ಸರಾಸರಿ 53ರ ವಯಸ್ಸಿನಲ್ಲಿ, ಉಳಿದವರಿಗಿಂತ ಐದಾರು ವರ್ಷ ಮೊದಲೇ. ಬೇರೆಯವರಿಗಿಂತ ನಮ್ಮಲ್ಲಿ ದಿನವೂ ಹಣ್ಣು ತರಕಾರಿ ತಿನ್ನುವವರು ಕಡಿಮೆ ಎಂಬುದೂ ಅದರಲ್ಲಿ ಕಂಡಿತು. ಅದೇ ವರ್ಷ ದೆಹಲಿ ಮತ್ತು ಬೆಂಗಳೂರಿನ ಆಸ್ಪತ್ರೆಗಳ 350 ಹೃದ್ರೋಗಿಗಳನ್ನು ಹೃದ್ರೋಗವಿಲ್ಲದ 700 ಮಂದಿಯೊಂದಿಗೆ ಹೋಲಿಸಿದ ಅಧ್ಯಯನ ಬಂತು. ಸೊಪ್ಪು ಹೆಚ್ಚು ತಿನ್ನುವವರಲ್ಲಿ ಹೃದ್ರೋಗ ಎದ್ದು ಕಾಣುವಷ್ಟು ಕಡಿಮೆ ಇತ್ತು. ಬಸ್ಸಾರು, ಮೊಸೊಪ್ಪುಗಳ ನಾಡಿಗೆ ಇದು ಹೊಸ ವಿಷಯವಲ್ಲ, ಆದರೆ ಮರೆತ ವಿಷಯ.

18 ದೇಶಗಳ 1,35,335 ಮಂದಿಯನ್ನು ಹಿಂಬಾಲಿಸಿದ ಪ್ಯೂರ್ ಅಧ್ಯಯನ 2017ರಲ್ಲಿ ಕೊಬ್ಬಿನ ಪಂಥಕ್ಕೆ ಪೆಟ್ಟು ಕೊಟ್ಟಿತು. ಕಾರ್ಬೊಹೈಡ್ರೇಟ್ ಅತಿ ಹೆಚ್ಚು ತಿನ್ನುವವರಲ್ಲಿ ಸಾವು ಹೆಚ್ಚು, ಕೊಬ್ಬು ಹೆಚ್ಚು ತಿನ್ನುವವರಲ್ಲಿ ಕಡಿಮೆ ಎಂದಿತು. ಬರೀ ಅನ್ನದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವವರು ಬಡವರು, ಅವರನ್ನು ಕೊಂದದ್ದು ಅನ್ನವೋ ಬಡತನವೋ ಎಂದು ವಿಮರ್ಶಕರು ಕೇಳಿದರು. ಆದರೂ ಮೂರು ಹೊತ್ತೂ ಪಾಲಿಶ್ ಮಾಡಿದ ಅಕ್ಕಿ, ಮೈದಾಗಳನ್ನೇ ನೆಚ್ಚಿಕೊಂಡ ನಮ್ಮ ತಟ್ಟೆಗೆ ಈ ಎಚ್ಚರಿಕೆ ಸಲ್ಲುತ್ತದೆ.

ಇನ್ನೂ ಆಳದ ಎಳೆಯೊಂದು ಮೈಸೂರಿನಲ್ಲಿ ಸಿಕ್ಕಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ದಾಖಲೆಗಳನ್ನು ಜೋಪಾನ ಮಾಡಿತ್ತು. ಆ ಮಕ್ಕಳಲ್ಲಿ 517 ಮಂದಿಯನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚಿತ್ತು. ತಾಯಿಯ ತಟ್ಟೆಯ ಕೊರತೆ ಮಗುವಿನ ಧಮನಿಯಲ್ಲಿ ಅರ್ಧ ಶತಮಾನ ಉಳಿಯಬಲ್ಲದು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ತೋರಿಸಿದಂತೆ ನಾವು ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತವರು. ಹೊಟ್ಟೆಯ ಆ ಕೊಬ್ಬು ಉರಿಯೂತದ ಸಂದೇಶಗಳನ್ನು ಸದಾ ಸುರಿಸುತ್ತಿರುತ್ತದೆ.

ಇನ್ನೂ ಬಗೆಹರಿಯದವು

ಖಚಿತವಾದದ್ದನ್ನು ಮೊದಲು ಹೇಳಬೇಕು. ಎಲ್‌ಡಿಎಲ್ ಇಳಿಸುವುದು ಜೀವ ಉಳಿಸುತ್ತದೆ. ವೈದ್ಯರು ಬರೆದ ಸ್ಟಾಟಿನ್ ಮಾತ್ರೆಯನ್ನು ವಿಡಿಯೊ ನೋಡಿ ನಿಲ್ಲಿಸುವುದು ಅಪಾಯ. ತಂಬಾಕು ಮತ್ತು ಟ್ರಾನ್ಸ್ ಕೊಬ್ಬಿಗೆ ಸುರಕ್ಷಿತ ಮಟ್ಟವಿಲ್ಲ. ಆಂಟಿಆಕ್ಸಿಡೆಂಟ್ ಮಾತ್ರೆ ಹೃದಯವನ್ನು ಕಾಯುವುದಿಲ್ಲ. ಸೊಪ್ಪು, ತರಕಾರಿ, ಕಾಳು, ಬೀಜ, ಇಡೀ ಧಾನ್ಯ, ಮೀನು ತುಂಬಿದ ಊಟ ಕಾಯುತ್ತದೆ.

ಅದು ಯಾವ ದಾರಿಯಿಂದ ಕಾಯುತ್ತದೆ ಎಂಬುದು ಬಗೆಹರಿಯದ ಮೊದಲ ಪ್ರಶ್ನೆ. ಒಳ್ಳೆಯ ಊಟ ಕೊಲೆಸ್ಟ್ರಾಲ್, ಒತ್ತಡ, ತೂಕ, ಉತ್ಕರ್ಷಣ, ಉರಿಯೂತ ಎಲ್ಲವನ್ನೂ ಒಟ್ಟಿಗೆ ಇಳಿಸುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗುತ್ತಿಲ್ಲ. ಉತ್ಕರ್ಷಣ ಒತ್ತಡವನ್ನು ಮನುಷ್ಯರಲ್ಲಿ ಅಳೆಯಲು ಎಲ್ಲರೂ ಒಪ್ಪುವ ಪರೀಕ್ಷೆಯೇ ಇಲ್ಲದಿರುವುದು ಎರಡನೆಯದು. ಅಳತೆಯಿಲ್ಲದೆ ಯಾರಿಗೆ ಆ ಚಿಕಿತ್ಸೆ ಬೇಕೆಂದು ಆರಿಸುವುದು ಹೇಗೆ? ಮೂರನೆಯದು, ಊಟದಿಂದ ಸಿಆರ್‌ಪಿ ಇಳಿಸಿದರೆ ಅದರಿಂದಲೇ ಆಘಾತ ತಪ್ಪುತ್ತದೆಯೇ ಎಂಬುದು. ಔಷಧಿಯಿಂದ ಉರಿಯೂತ ಇಳಿಸಿದ್ದಕ್ಕೆ ಸಾಕ್ಷಿಯಿದೆ, ಊಟದಿಂದ ಇಳಿಸಿದ್ದಕ್ಕೆ ಅಷ್ಟು ನೇರವಾದ ಸಾಕ್ಷಿಯಿಲ್ಲ. ನಾಲ್ಕನೆಯದು ಕರುಳಿನ ಜೀವಿಗಳದು. ಮಾಂಸ, ಮೊಟ್ಟೆ ತಿಂದಾಗ ಅವುಗಳ ಮೂಲಕ ದೇಹದಲ್ಲಿ ಹುಟ್ಟುವ ಟಿಎಂಎಒ ಎಂಬ ಪದಾರ್ಥ ಧಮನಿಗೆ ಕೆಟ್ಟದೆಂದು ಒಂದು ಗುಂಪು ಹೇಳುತ್ತದೆ. ಹಾಗಿದ್ದರೆ ಅದನ್ನು ಇನ್ನೂ ಹೆಚ್ಚು ಕೊಡುವ ಮೀನು ಏಕೆ ಒಳ್ಳೆಯದು ಎಂದು ಇನ್ನೊಂದು ಗುಂಪು ಕೇಳುತ್ತದೆ.

ಐದನೆಯದು ನಮಗೆ ಎಲ್ಲಕ್ಕಿಂತ ಹತ್ತಿರದ್ದು. ಆಲಿವ್ ಎಣ್ಣೆಯ ತಟ್ಟೆಯನ್ನು ಸಾವಿರಾರು ಮಂದಿಯ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ರಾಗಿ ಮುದ್ದೆ–ಸೊಪ್ಪಿನ ಸಾರಿನ ತಟ್ಟೆಯನ್ನು, ಜೋಳದ ರೊಟ್ಟಿ–ಕಾಳುಪಲ್ಯ–ಅಗಸಿ ಚಟ್ನಿಯ ತಟ್ಟೆಯನ್ನು, ಕುಚ್ಚಲಕ್ಕಿ–ಮೀನಿನ ತಟ್ಟೆಯನ್ನು ಹಾಗೆ ಪರೀಕ್ಷಿಸಿ ಆಘಾತಗಳನ್ನು ಎಣಿಸಿದ ನಂಬಲರ್ಹ ದೊಡ್ಡ ಪ್ರಯೋಗ ನಡೆದಿಲ್ಲ. ಉತ್ತರ ಭಾರತದಿಂದ 2002ರಲ್ಲಿ ಬಂದ ಅಂಥ ಒಂದು ವರದಿಯ ಬಗ್ಗೆ, ಅದನ್ನು ಪ್ರಕಟಿಸಿದ ಪತ್ರಿಕೆಯೇ 2005ರಲ್ಲಿ ಸಂಶಯ ದಾಖಲಿಸಿತು. ಪ್ರಯೋಗ ಸುಲಭವಲ್ಲ, ಹಣ ಬೇಕು, ವರ್ಷಗಳು ಬೇಕು. ಆದರೆ ಜಗತ್ತಿನ ದೊಡ್ಡ ಅಧ್ಯಯನಗಳನ್ನು ನಡೆಸಿದ ಅನುಭವ ಬೆಂಗಳೂರಿನಲ್ಲಿದೆ. ಸಣ್ಣ ವಯಸ್ಸಿನ ಹೃದ್ರೋಗಿಗಳನ್ನು ದಿನವೂ ನೋಡುವ ಆಸ್ಪತ್ರೆಗಳು ಇಲ್ಲಿವೆ. ಹುಟ್ಟಿದ ದಿನದ ತೂಕವನ್ನು ಜೋಪಾನವಾಗಿಟ್ಟ ಮೈಸೂರಿನ ಆಸ್ಪತ್ರೆಯ ದಾಖಲೆ ಅರವತ್ತು ವರ್ಷದ ಮೇಲೆ ಜಗತ್ತಿಗೆ ಪಾಠ ಹೇಳಿತು. ಆಸ್ಪತ್ರೆಯ ಮುಂದೆ ಸಾಲಿನಲ್ಲಿ ನಿಂತವರ ಪ್ರಶ್ನೆಗೆ ಅವರದೇ ತಟ್ಟೆಯಿಂದ ಉತ್ತರ ಕೊಡಬಲ್ಲ ಪ್ರಯೋಗವನ್ನು ಈ ನಾಡು ಇನ್ನಾದರೂ ಆರಂಭಿಸಬೇಕು.